ಬೂದಿಯ ಕಿವಿ

ಊಟಕ್ಕೆ ಕೂತಾಗ ಗಂಭೀರವಾದ ಮಾತೇನಾದರೂ ಶುರುವಾದರೆ ಗಿರಣಿಯಕ್ಕ ಬಡಿಸುವ ನೆಪ ಮಾಡಿಕೊಂಡು ಎದ್ದು ನಿಲ್ಲುತ್ತಿದ್ದಳು. ಕೂತರೆ ಪಕ್ಕದವರ ಬಾಯಿ ಕಾಣುವುದಿಲ್ಲ, ನಿಂತರೆ ಮೂವರದ್ದೂ ಕಾಣುತ್ತದೆ. ಬಾಯಿ ಕಂಡರೆ ಮುಕ್ಕಾಲು ಪಾಲು ಮಾತು ಅವಳಿಗೆ ಸಿಕ್ಕಿದ ಹಾಗೆಯೇ. ಬಟ್ಟೆ ಗಿರಣಿಯ ಮಗ್ಗಗಳ ನಡುವೆ ವಯಸ್ಸೆಲ್ಲ ಸವೆಸಿದವಳು ಅವಳು. ಅಲ್ಲಿನ ಗದ್ದಲದಲ್ಲಿ ಗಂಟಲು ಹರಿಯುವಂತೆ ಕೂಗಿದರೂ ಪ್ರಯೋಜನವಿರಲಿಲ್ಲ. ಆದ್ದರಿಂದ ಹೆಂಗಸರು ಕೂಗುವುದನ್ನೇ ಬಿಟ್ಟು, ಬರೀ ತುಟಿ ಆಡಿಸಿಕೊಂಡು ತಮ್ಮ ತಮ್ಮ ಸಂಸಾರದ ರಾಮಾಯಣವನ್ನೆಲ್ಲ ಹೇಳಿಕೊಳ್ಳುತ್ತಿದ್ದರು. ಮದುವೆ ಗಿದುವೆ ಅಂತ ಆಗದೆ, ಕೆಲಸ ಮುಗಿದ ಮೇಲೆ ತಮ್ಮನ ಮನೆಗೆ ಬಂದು ಸೇರಿಕೊಂಡ ಅವಳಿಗೆ ಗಿರಣಿ ಕೊಟ್ಟು ಕಳಿಸಿದ್ದು ಎರಡೇ. ಒಂದು ಈ ತುಟಿ ಓದುವ ವಿದ್ಯೆ, ಇನ್ನೊಂದು ಆ ವಿದ್ಯೆ ಬೇಕಾಗುವಂಥ ಕಿವಿ.

"ಮೈದಾನದಲ್ಲಿ ಕಂಬ ನೆಡೋಕೆ ಶುರು ಮಾಡಿದ್ದಾರೆ," ಎಂದಳು ತಮ್ಮನ ಹೆಂಡತಿ. ಹಲ್ಲಿನ ಆಸ್ಪತ್ರೆಯಲ್ಲಿ ಬರುವವರ ಹೆಸರು ಬರೆದುಕೊಂಡು ಕೂರಿಸುವ ಕೆಲಸ ಅವಳದು. ದಿನವಿಡೀ ಮೆತ್ತಗೆ ಮಾತಾಡಿ ಮನೆಗೆ ಬರುವ ಹೊತ್ತಿಗೆ ಅವಳ ದನಿ ತುಟಿಯಿಂದಾಚೆ ಬರುತ್ತಲೇ ಇರಲಿಲ್ಲ. "ಈ ಸಲ ನಾಯಿಗೆ ಏನು ಮಾಡ್ತೀರಿ ಅಂತ ಈಗಲೇ ಹೇಳಿಬಿಡಿ. ಹೋದ ವರ್ಷದ ಥರ ಆದ್ರೆ ನನ್ನ ಕೈಲಾಗಲ್ಲ."

ವರ್ಷಕ್ಕೊಮ್ಮೆ ನಗರಸಭೆಯವರು ಇವರ ಮನೆಯ ಹಿಂದಿನ ಮೈದಾನದಲ್ಲಿ ಬಾಣಬಿರುಸು ಹಾರಿಸುತ್ತಾರೆ. ಊರಿಗೆಲ್ಲ ಅದು ಕಣ್ಣಿಗೆ ಹಬ್ಬ. ಬೂದಿಗೆ ಮಾತ್ರ ಪ್ರಾಣಸಂಕಟ. ಹೋದ ವರ್ಷ ಈ ಬೂದಿಬಣ್ಣದ ನಾಯಿ ಮುಂಬಾಗಿಲನ್ನು ಉಗುರಿನಿಂದ ಕೆರೆದು ಚಕ್ಕೆ ಏಳಿಸಿತ್ತು, ಕಿಟಕಿಯ ಪರದೆ ಹರಿದಿತ್ತು, ರಿಪೇರಿಗೆಂದು ಯಾರೋ ಕೊಟ್ಟಿದ್ದ ದೊಡ್ಡ ಸ್ಪೀಕರಿನ ಹೊಟ್ಟೆಯೊಳಗೆ ತಲೆ ತೂರಿಸಿತ್ತು. ಕೊನೆಗೆ ಯಾರೋ ಬಾಗಿಲು ತೆಗೆದಾಗ ಓಡಿಹೋಗಿ, ಹುಡುಕಿ ಹುಡುಕಿ ಸಾಕಾದ ಮೇಲೆ ರೈಲು ಹಳಿಯ ಆಚೆ ಕುಂಟುತ್ತಾ ಸಿಕ್ಕಿತ್ತು.

"ನಮ್ಮಣ್ಣನ ಗೋದಾಮಿಗೆ ಕಾವಲು ನಾಯಿ ಬೇಕಂತೆ," ಎಂದಳು ತಮ್ಮನ ಹೆಂಡತಿ.

ತಮ್ಮ ನಕ್ಕ. ಅವನು ಆಂಪ್ಲಿಫೈಯರು, ಸ್ಪೀಕರು ರಿಪೇರಿ ಮಾಡುವವನು. ಪೇಟೆಯಲ್ಲಿ ಅವನ ಅಂಗಡಿ. "ಇದು ಬೊಗಳೋದೇ ಇಲ್ಲವಲ್ಲೇ. ಕಳ್ಳ ಬಂದ್ರೆ ಎದ್ದು ಹೋಗಿ ಬಾಗಿಲ ಹತ್ರ ನಿಂತು ಮುಖ ನೋಡುತ್ತೆ, ಅಷ್ಟೇ. ನಿಮ್ಮಣ್ಣ ಅದಕ್ಕೊಬ್ಬ ಕಾವಲುಗಾರನನ್ನ ಇಡಬೇಕಾಗುತ್ತೆ."

"ನಗ್ತೀರಿ. ಬಾಗಿಲು ಹೊಸದಾಗಿ ಹಾಕಿಸಿದೋಳು ನಾನು."

"ಅಮ್ಮಾ, ಅದಕ್ಕೊಂದು ಟ್ರೇನಿಂಗ್ ಇದೆ," ಎಂದಳು ಮಗಳು. ಕಾಲೇಜಿಗೆ ಹೋಗುವ ಆಳೆತ್ತರದ ಹುಡುಗಿಗೆ ಮನೆಯಲ್ಲಿ ಇನ್ನೂ ಪುಟ್ಟಿ ಎಂದೇ ಹೆಸರು. "ನಾಯಿ ಡಾಕ್ಟರನ್ನ ಕೇಳ್ಕೊಂಡು ಬಂದಿದ್ದೀನಿ. ಪಟಾಕಿ ಸದ್ದನ್ನ ರೆಕಾರ್ಡ್ ಹಾಕಿ ಮೆತ್ತಗೆ ಕೇಳಿಸ್ತಾ, ಜೊತೆಗೆ ತಿನ್ನೋಕೆ ಕೊಡ್ತಾ ಇರಬೇಕಂತೆ. ವಾರ ವಾರ ಒಂಚೂರು ಜಾಸ್ತಿ. ಆ ದಿನ ಬರೋ ಹೊತ್ತಿಗೆ ಅಭ್ಯಾಸ ಆಗಿರುತ್ತೆ."

"ಯಾರು ಮಾಡ್ತಾರೆ? ನೀನು ಬೆಳಿಗ್ಗೆ ಹೋದ್ರೆ ಸಂಜೆಗೆ ಬರ್ತೀಯ."

"ನಾನು ಮಾಡ್ತೀನಿ," ಎಂದಳು ಗಿರಣಿಯಕ್ಕ, ಸೌಟು ಕೈಯಲ್ಲೇ ಹಿಡಿದುಕೊಂಡು.

ತಮ್ಮನ ಹೆಂಡತಿ ಅವಳ ಕಡೆ ತಿರುಗಿದಳು. ಇಬ್ಬರ ನಡುವೆ ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. "ಮಾಡಿ ಅಕ್ಕ. ಆದ್ರೆ ಈ ಸಲವೂ ಹೀಗೇ ಆದ್ರೆ ಮಾರನೇ ದಿನವೇ ಗೋದಾಮು. ಆಮೇಲೆ ನನ್ನ ಮೇಲೆ ಯಾರೂ ಮುನಿಸಿಕೊಳ್ಳೋ ಹಾಗಿಲ್ಲ."

ಗಿರಣಿಯಕ್ಕ ತಲೆಯಾಡಿಸಿದಳು.

ಬೂದಿ ಹೋದರೆ ಅವಳಿಗೆ ಏನು ಹೋದಂತೆ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಾಗಿಲ ಗಂಟೆ ಅವಳಿಗೆ ಕೇಳಿಸುವುದು ನಿಂತು ಎಷ್ಟೋ ಕಾಲವಾಗಿತ್ತು. ಗಂಟೆ ಹೊಡೆದರೆ ಬೂದಿ ಕಿವಿ ನಿಮಿರಿಸಿ ಬಾಗಿಲಿಗೆ ಹೋಗುತ್ತಿತ್ತು. ಅದರ ಹಿಂದೆ ಇವಳೂ ಹೋಗುತ್ತಿದ್ದಳು. ಕುಕ್ಕರು ಕೂಗಿದರೆ, ಆಮೇಲೆ ತನಗೂ ಒಂದು ತುತ್ತು ಇದೆ ಎಂದು ಗೊತ್ತಿದ್ದ ಬೂದಿ ಅಡುಗೆಮನೆಯ ಹೊಸ್ತಿಲಲ್ಲಿ ಹೋಗಿ ಕೂರುತ್ತಿತ್ತು. ಇವಳು ಹೋಗಿ ಒಲೆ ಆರಿಸುತ್ತಿದ್ದಳು. ಬೆನ್ನ ಹಿಂದೆ ಯಾರಾದರೂ "ಅಕ್ಕಾ" ಎಂದರೆ ಬೂದಿ ಅವರ ಮುಖ ನೋಡುತ್ತಿತ್ತು. ಇವಳು ಬೂದಿಯ ಮುಖ ನೋಡಿ ಹಿಂದೆ ತಿರುಗುತ್ತಿದ್ದಳು. "ಈ ನಾಯಿಗೆ ನಮ್ಮಕ್ಕನ ಕಾಲು ಬಿಟ್ರೆ ಲೋಕವೇ ಇಲ್ಲ," ಎಂದು ತಮ್ಮ ತಮಾಷೆ ಮಾಡುತ್ತಿದ್ದ. ಯಾರ ಹಿಂದೆ ಯಾರು ಸುತ್ತುತ್ತಿದ್ದಾರೆ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಹೇಳಿಬಿಡಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಅವಳು ಯಾಕೆ ಹೇಳಲಿಲ್ಲವೆಂದರೆ, ಗಿರಣಿಯಲ್ಲಿ ಅವಳ ಪಕ್ಕದ ಮಗ್ಗದಲ್ಲಿದ್ದ ಗೆಳತಿಯ ಮನೆಗೆ ಒಮ್ಮೆ ಹೋಗಿದ್ದಳು. ಗೆಳತಿಗೆ ಕಿವಿ ಪೂರ್ತಿ ಹೋಗಿತ್ತು, ಮನೆಯವರಿಗೆಲ್ಲ ಅದು ಗೊತ್ತಿತ್ತು. ಒಳ್ಳೆಯ ಜನ, ಹೊತ್ತು ಹೊತ್ತಿಗೆ ಊಟ, ಮಾತ್ರೆ ಎಲ್ಲ ಕೊಡುತ್ತಿದ್ದರು. ಊಟದ ಹೊತ್ತಿಗೆ ಎಲ್ಲರೂ ಏನೋ ಹೇಳಿಕೊಂಡು ನಕ್ಕರು. ಗೆಳತಿ "ಏನಂತೆ?" ಎಂದಳು. ಮಗ ಅವಳ ತಟ್ಟೆಗೆ ಇನ್ನಷ್ಟು ಪಲ್ಯ ಹಾಕಿ "ಏನಿಲ್ಲ ಬಿಡಮ್ಮ" ಎಂದ. ಸ್ವಲ್ಪ ಹೊತ್ತಿಗೆ ಮತ್ತೆ "ಏನಂತೆ?" ಮತ್ತೆ "ಏನಿಲ್ಲ ಬಿಡು." ಮೂರನೆಯ ಸಲ ಗೆಳತಿ ಕೇಳಲೇ ಇಲ್ಲ. ಅವಳು ತಟ್ಟೆ ನೋಡಿಕೊಂಡು ಉಂಡದ್ದು ಗಿರಣಿಯಕ್ಕನ ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ.

ತಮ್ಮ ಅಂಗಡಿಯಿಂದ ಒಂದು ಹಳೆಯ ಆಂಪ್ಲಿಫೈಯರು, ಎದೆಮಟ್ಟದ ಸ್ಪೀಕರು ತಂದು ಅಕ್ಕನ ಕೋಣೆಯಲ್ಲಿಟ್ಟ. ಪುಟ್ಟಿ ಹಳೆಯ ಫೋನೊಂದರಲ್ಲಿ ಪಟಾಕಿ ಸದ್ದು ತುಂಬಿಸಿ, ತಂತಿ ಸಿಕ್ಕಿಸಿದಳು. ಕಾಲೇಜಿಗೆ ಹೊತ್ತಾಗಿತ್ತು. ಒಂದು ಕೈಯಲ್ಲಿ ಬ್ರೆಡ್ಡು ಕಚ್ಚುತ್ತಾ ಇನ್ನೊಂದು ಕೈಯಲ್ಲಿ ಸದ್ದಿನ ಗುಂಡಿ ತಿರುವಿದಳು.

"ಡಾಕ್ಟರು ಏನು ಹೇಳಿದ್ರು ಗೊತ್ತಾ ಅತ್ತೆ? ಮೊದಮೊದಲು ಕಿವಿಗೆ ಬಿದ್ದೂ ಬೀಳದ ಹಾಗಿರಬೇಕಂತೆ. ನೋಡು, ಇಷ್ಟು. ಕೇಳಿಸ್ತಿದೆ ತಾನೆ?"

ಗಿರಣಿಯಕ್ಕನಿಗೆ ಏನೂ ಕೇಳಿಸಲಿಲ್ಲ.

"ಹ್ಞೂಂ," ಎಂದಳು.

"ಬೂದಿ ನೋಡು, ಹೇಗೆ ಆರಾಮಾಗಿದೆ. ಇದಕ್ಕಿಂತ ಜಾಸ್ತಿ ಬೇಡ ಈಗ." ಪುಟ್ಟಿ ಆರಿಸಿ, ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಚೀಲ ಹೆಗಲಿಗೇರಿಸಿಕೊಂಡು ಓಡಿದಳು.

ಮೂವರೂ ಹೋದ ಮೇಲೆ ಗಿರಣಿಯಕ್ಕ ಕೆಲಸಕ್ಕೆ ಕೂತಳು. ಬೇಯಿಸಿದ ಮೊಟ್ಟೆಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ ತಟ್ಟೆಯಲ್ಲಿಟ್ಟುಕೊಂಡಳು. ಕಿಟಕಿ ಮುಚ್ಚಿದಳು. ಗುಂಡಿ ತಿರುವಿದಳು, ಏನೂ ಇಲ್ಲ. ಇನ್ನಷ್ಟು ತಿರುವಿದಳು. ತನ್ನ ಕಿವಿ ಸ್ವಲ್ಪ ಮಂದ, ಅದು ಅವಳಿಗೆ ಗೊತ್ತು. ಆದರೆ ಸ್ವಲ್ಪ ತಾನೆ? ಕೇಳಿಸದೇ ಇರುವ ಸದ್ದಿಗೆ ನಾಯಿಯನ್ನು ಪಳಗಿಸುವುದಾದರೂ ಹೇಗೆ? ಇನ್ನೂ ತಿರುವಿದಳು. ಕೊನೆಗೆ ಎಲ್ಲೋ ದೂರದಲ್ಲಿ ಯಾರೋ ಹಾಸಿಗೆ ಕೊಡವಿದ ಹಾಗೆ ಒಂದು ಟಪ್ ಎಂಬ ಸದ್ದು ಬಿತ್ತು. ಬಿದ್ದೂ ಬೀಳದ ಹಾಗೆ, ಡಾಕ್ಟರು ಹೇಳಿದ ಹಾಗೆಯೇ. ಅವಳಿಗೆ ಸಮಾಧಾನವಾಯಿತು.

ತಿರುಗಿ ನೋಡಿದರೆ ಬೂದಿ ಮಂಚದ ಕೆಳಗೆ ಸೇರಿಕೊಂಡಿತ್ತು.

"ಇಷ್ಟಕ್ಕೇ ಹೀಗಾದ್ರೆ ಹೇಗೇ?" ಎಂದು ಅವಳು ಬಗ್ಗಿ ಮೊಟ್ಟೆ ತೋರಿಸಿದಳು. ಬೂದಿ ಮೂಗು ಕೂಡ ಆಡಿಸಲಿಲ್ಲ. ಹೆದರುಪುಕ್ಕಲಿ ಎಂದು ಮುದ್ದಿನಿಂದ ಬೈದಳು. ಗಿರಣಿಗೆ ಹೊಸದಾಗಿ ಸೇರಿದ ಹುಡುಗಿಯರೂ ಮೊದಲ ವಾರ ಹೀಗೇ ಕಿವಿ ಮುಚ್ಚಿಕೊಂಡು ಅಳುತ್ತಿದ್ದರು, ಆಮೇಲೆ ಹೊಂದಿಕೊಳ್ಳುತ್ತಿದ್ದರು.

ಹೀಗೆ ದಿನಾ ನಡೆಯಿತು. ಗಿರಣಿಯಕ್ಕ ಕೆಲಸಕ್ಕೆ ನಿಂತಳೆಂದರೆ ಚಕ್ಕರ್ ಹೊಡೆಯುವವಳಲ್ಲ. ಬೆಳಿಗ್ಗೆ ಪಾತ್ರೆ ತೊಳೆದು ಒಮ್ಮೆ, ಮಧ್ಯಾಹ್ನ ಬಟ್ಟೆ ಮಡಚಿ ಒಮ್ಮೆ. ವಾರ ಕಳೆದ ಮೇಲೆ ಗುಂಡಿಯನ್ನು ಕೂದಲೆಳೆಯಷ್ಟು ಮುಂದೆ ತಳ್ಳಿದಳು. ಇನ್ನೊಂದು ವಾರಕ್ಕೆ ಇನ್ನೊಂದಿಷ್ಟು. ಸಂಜೆ ಪುಟ್ಟಿ ಬಂದು "ಹೇಗೆ ನಡೀತಿದೆ ಅತ್ತೆ?" ಎಂದರೆ "ಪರವಾಗಿಲ್ಲ" ಎನ್ನುತ್ತಿದ್ದಳು. ಕೆಳಮನೆಯ ಟೈಲರಿಗೆ ಸೂರು ಅದುರಿದರೂ ಅವನು ಬಾಯಿ ಬಿಡಲಿಲ್ಲ. ಸೌಂಡಿನವನ ಮನೆ, ಏನೋ ಸ್ಪೀಕರು ಪರೀಕ್ಷೆ ಮಾಡುತ್ತಿರಬೇಕು ಎಂದುಕೊಂಡು, ಹೊಲಿಗೆ ಯಂತ್ರ ಇನ್ನಷ್ಟು ಜೋರಾಗಿ ತುಳಿದ.

ಬೂದಿ ಮಾತ್ರ ಹೊಂದಿಕೊಳ್ಳಲಿಲ್ಲ. ಮಂಚದ ಕೆಳಗೂ ನೆಮ್ಮದಿ ಸಿಗದೆ ಬಚ್ಚಲಿಗೆ ಹೋಗಿ ಬಟ್ಟೆ ತೊಳೆಯುವ ಬಕೆಟ್ಟಿನ ಹಿಂದೆ ಮೈ ಹಿಡಿ ಮಾಡಿಕೊಂಡು ಕೂರತೊಡಗಿತು. ಆ ಮನೆಯಲ್ಲಿ ಕಿಟಕಿಯಿಲ್ಲದ ಜಾಗ ಅದೊಂದೇ. ಮೊಟ್ಟೆ ಒಣಗಿ ತಟ್ಟೆಯಲ್ಲೇ ಉಳಿಯಿತು. ರೆಕಾರ್ಡು ನಿಂತ ಮೇಲೂ ಅದು ಹೊರಗೆ ಬರುತ್ತಿರಲಿಲ್ಲ. ಗಿರಣಿಯಕ್ಕ ಹತ್ತಿರ ಹೋದರೆ ಹಿಂದಕ್ಕೆ ಸರಿಯುತ್ತಿತ್ತು. ಅದು ಅವಳಿಗೆ ತಡೆಯಲಾಗಲಿಲ್ಲ. ಇಡೀ ದಿನದಲ್ಲಿ ಅವಳನ್ನು ಮುಟ್ಟುವ ಜೀವ ಅದೊಂದೇ ಇತ್ತು.

ಬೂದಿ ಬಚ್ಚಲು ಸೇರಿದ ಮೇಲೆ ಮನೆಯ ಗಂಟೆಯೂ ಕುಕ್ಕರೂ ಅವಳ ಪಾಲಿಗೆ ಸತ್ತುಹೋದವು. ಒಂದು ದಿನ ಬೇಳೆ ತಳ ಹಿಡಿದು ಮನೆಯೆಲ್ಲ ಹೊಗೆಯಾಯಿತು. ಇನ್ನೊಂದು ದಿನ ಗ್ಯಾಸಿನವನು ಗಂಟೆ ಒತ್ತಿ ಒತ್ತಿ ಸಿಲಿಂಡರು ವಾಪಸು ಒಯ್ದ. ಆ ವಾರದ ಶನಿವಾರ, ಬೀಗದ ಕೈ ಮರೆತು ಹೋಗಿದ್ದ ತಮ್ಮನ ಹೆಂಡತಿ ತಲೆನೋವೆಂದು ಬೇಗ ಬಂದು, ಮೆಟ್ಟಿಲ ಮೇಲೆ ಕೂತು ಕೂತು ಸಾಕಾಗಿದ್ದಳು, ಕೊನೆಗೆ ಬಾಗಿಲು ತೆರೆದಾಗ ಅವಳ ಮುಖ ಕೆಂಪಾಗಿತ್ತು.

"ಎಷ್ಟು ಹೊತ್ತು ಬೆಲ್ ಹೊಡೀಬೇಕು ಅಕ್ಕ? ಟೈಲರು ಹೊರಗೆ ಬಂದು ನೋಡಿದ. ನನಗೆ ನನ್ನ ಮನೇಗೇ ಬರೋಕೆ ಆಗಲ್ವಾ?"

"ಬಚ್ಚಲಲ್ಲಿದ್ದೆ ಕಣಮ್ಮ."

"ಮೊನ್ನೆ ಗ್ಯಾಸಿನವನು ಬಂದಾಗ್ಲೂ ಬಚ್ಚಲಲ್ಲಿದ್ರಿ."

"ವಯಸ್ಸಾಯ್ತಲ್ಲ, ಹೊತ್ತು ಹಿಡಿಯುತ್ತೆ."

ತಮ್ಮನ ಹೆಂಡತಿ ಚಪ್ಪಲಿ ಬಿಡುತ್ತಾ, ತಲೆ ಬಗ್ಗಿಸಿಕೊಂಡು ಇನ್ನೇನೋ ಹೇಳಿದಳು. ಬಗ್ಗಿದ ತಲೆಯ ಮಾತು ಗಿರಣಿಯಕ್ಕನಿಗೆ ಸಿಗಲಿಲ್ಲ. ಅಭ್ಯಾಸಬಲದಿಂದ ಬೂದಿಯ ಕಡೆ ನೋಡಲು ಹೋದಳು. ಕಾಲ ಬುಡದಲ್ಲಿ ಬೂದಿ ಇರಲಿಲ್ಲ.

ಕೊನೆಗೆ ಬಾಯಿ ಬಿಟ್ಟವನು ಟೈಲರೇ. ತಮ್ಮನ ಅಂಗಡಿಗೆ ಹೋಗಿ, ಬಹಳ ಸಂಕೋಚದಿಂದ, "ಅಣ್ಣಾ, ತಪ್ಪು ತಿಳೀಬೇಡಿ. ನಿಮ್ಮ ಕಸುಬು ನನಗೆ ಅರ್ಥವಾಗುತ್ತೆ. ಆದ್ರೆ ಒಂದಲ್ಲ ಒಂದು ದಿನ ನಾನು ಬಟ್ಟೆ ಬದಲು ಬೆರಳನ್ನೇ ಹೊಲ್ಕೊಳ್ತೀನಿ," ಎಂದ. ತಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಅಂಗಡಿಗೆ ಅರ್ಧ ಬಾಗಿಲು ಎಳೆದು ಮನೆಗೆ ಹೊರಟ. ಬೀದಿಯ ತಿರುವಿಗೆ ಬರುವಾಗಲೇ ಅವನಿಗೆ ಸದ್ದು ಕೇಳಿಸಿತು. ಮೆಟ್ಟಿಲು ಹತ್ತುವಾಗ ಕೈಗೆ ಹಿಡಿದ ಕಬ್ಬಿಣದ ಕಂಬಿ ಅದುರುತ್ತಿತ್ತು.

ತನ್ನ ಬೀಗದ ಕೈಯಿಂದ ಬಾಗಿಲು ತೆಗೆದು ಒಳಗೆ ಬಂದ. ಕೋಣೆಯೊಳಗೆ ಯುದ್ಧವೇ ನಡೆದಿತ್ತು. ನೆಲಕ್ಕೆ ಕೂತ ಅಕ್ಕ ಬೆನ್ನು ಈ ಕಡೆ ಮಾಡಿ, ಬಚ್ಚಲ ಬಾಗಿಲಿಗೆ ಕೈ ಚಾಚಿ ಮೊಟ್ಟೆ ತೋರಿಸುತ್ತಿದ್ದಳು.

"ಅಕ್ಕಾ," ಎಂದ. "ಅಕ್ಕಾ," ಎಂದು ಕೂಗಿದ. ಆಮೇಲೆ ಕಿರುಚಿದ. ಅವಳು ತಿರುಗಲಿಲ್ಲ. ಅವನು ದಾಟಿ ಹೋಗಿ ಸ್ವಿಚ್ಚು ಆರಿಸಿದ.

ಮನೆ ನಿಶ್ಶಬ್ದವಾಯಿತು. ಅಕ್ಕ ಕೈ ಚಾಚಿಕೊಂಡೇ ಇದ್ದಳು. "ನೋಡು, ಸದ್ದು ಇನ್ನೂ ಬರ್ತಾ ಇದೆ, ಆದ್ರೂ ನಮಗೇನಾದ್ರೂ ಆಯ್ತಾ? ಏನೂ ಆಗಲ್ಲ. ಬಾ, ತಿನ್ನು ಬಾ," ಎಂದು ಆ ಮೌನದೊಳಗೆ ನಾಯಿಗೆ ಧೈರ್ಯ ಹೇಳುತ್ತಿದ್ದಳು.

ತಮ್ಮ ಗುಂಡಿಯ ಕಡೆ ನೋಡಿದ. ಜನ ಸೇರಿದ ಬಯಲಿಗೂ ಅವನು ಅಷ್ಟು ದೂರ ತಿರುಗಿಸುತ್ತಿರಲಿಲ್ಲ. ಅವನ ನೆರಳು ಮೊಟ್ಟೆಯ ತಟ್ಟೆಯ ಮೇಲೆ ಬಿದ್ದಾಗ ಅಕ್ಕ ತಲೆಯೆತ್ತಿದಳು. ಮೊದಲು ಅವನ ಮುಖ ನೋಡಿದಳು, ಆಮೇಲೆ ಆರಿದ್ದ ಕೆಂಪು ದೀಪ ನೋಡಿದಳು. ಎಲ್ಲ ತಿಳಿದುಹೋಯಿತು.

"ಯಾವಾಗಿಂದ ಅಕ್ಕ?"

"ನಿನ್ನ ಹೆಂಡತಿಗೆ ಹೇಳಬೇಡ," ಎಂದಳು ಗಿರಣಿಯಕ್ಕ. ಆಮೇಲೆ ಬಚ್ಚಲ ಕಡೆ ತಿರುಗಿ, "ಇಷ್ಟು ದಿನ ನಾನೇ ಇದರ ಪ್ರಾಣ ತಿಂದೆನಲ್ಲೋ," ಎಂದು ಅಳುತ್ತಾ, ಇಷ್ಟು ಕಾಲ ಗಂಟೆ, ಕುಕ್ಕರು ತನಗೆ ತಿಳಿಯುತ್ತಿದ್ದದ್ದೇ ಬೂದಿಯಿಂದ ಎಂಬುದನ್ನೂ ಹೇಳಿಬಿಟ್ಟಳು.

ಹೇಳದೆ ಇರುವುದು ಸಾಧ್ಯವಿರಲಿಲ್ಲ. ಆ ಸಂಜೆ ಊಟಕ್ಕೆ ಕೂತಾಗ ಮಾತು ಮೂರು ಕಡೆಯಿಂದಲೂ ಒಟ್ಟಿಗೆ ಬಂತು. ಗಿರಣಿಯಕ್ಕ ಎದ್ದು ನಿಂತರೂ ಹಿಡಿಯಲಾಗಲಿಲ್ಲ.

"ಒಲೆ ಮೇಲೆ ಗ್ಯಾಸ್ ಸೋರಿದ್ರೆ? ಹಗಲೆಲ್ಲ ಒಬ್ರೇ ಇರ್ತಾರೆ. ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ? ನಾನೇನು ಪರಕೀಯಳಾ?" ತಮ್ಮನ ಹೆಂಡತಿಗೆ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು.

"ನಾನು ಗುಂಡಿ ಮೇಲೆ ಒಂದು ಗುರುತು ಹಾಕಬೇಕಿತ್ತು," ಎಂದಳು ಪುಟ್ಟಿ. "ಕೇಳಿಸ್ತಿದೆ ತಾನೆ ಅಂದ್ರೆ ಹ್ಞೂಂ ಅಂದ್ಲು."

"ಅವಳಿಗೆ ಗಂಟೆ ಕೇಳಿಸ್ತಿದ್ದದ್ದು ನಾಯಿಯಿಂದ," ಎಂದ ತಮ್ಮ. "ಕುಕ್ಕರು ಕೂಡ. ನಾಯಿನ ಕಳಿಸಿದ್ರೆ ಅವಳ ಗತಿ ಏನು?"

ತಮ್ಮ ಒಳ್ಳೆಯವನು. ಮಾರನೆಯ ದಿನ ಅಂಗಡಿಯಿಂದ ತಂತಿ, ಬಲ್ಬು ತಂದು, ಗಂಟೆ ಒತ್ತಿದರೆ ಅಕ್ಕನ ಕೋಣೆಯಲ್ಲೂ ಅಡುಗೆಮನೆಯಲ್ಲೂ ಒಂದೊಂದು ಕೆಂಪು ದೀಪ ಮಿಣುಕುವಂತೆ ಮಾಡಿದ. ಕುಕ್ಕರಿಗೆ ಗಡಿಯಾರದ ಲೆಕ್ಕ ಹೇಳಿಕೊಟ್ಟ. ಏಣಿಯಿಂದ ಇಳಿದು, "ನೋಡಕ್ಕ, ಇನ್ನು ನೀನು ರಾಣಿ," ಎಂದು ಹೆಮ್ಮೆಯಿಂದ ಕೈ ಒರೆಸಿಕೊಂಡ.

ಅವನ ಹೆಂಡತಿ ದೀಪವನ್ನೂ, ಬಕೆಟ್ಟಿನ ಹಿಂದೆ ನಡುಗುತ್ತಿದ್ದ ನಾಯಿಯನ್ನೂ ನೋಡಿದಳು. "ಒಳ್ಳೇದಾಯ್ತು. ಇನ್ನು ಅಕ್ಕನಿಗೆ ನಾಯಿಯೇ ಬೇಕು ಅಂತೇನಿಲ್ಲವಲ್ಲ," ಎಂದಳು. ಕೆಟ್ಟದ್ದೆಂದು ಹೇಳಿದ ಮಾತಲ್ಲ ಅದು. ನೇರವಾಗಿ, ನಿಧಾನವಾಗಿ, ಗಿರಣಿಯಕ್ಕನಿಗೆ ತಿಳಿಯಲೆಂದು ಅವಳ ಮುಖಕ್ಕೇ ತಿರುಗಿ ಹೇಳಿದಳು. "ನಮ್ಮ ಮಾತು ಮಾತೇ ಅಕ್ಕ. ಆ ದಿನ ಅದು ಮನೆ ಹಾಳು ಮಾಡಲಿಲ್ಲ ಅಂದ್ರೆ ಸರಿ. ಮಾಡಿದ್ರೆ ಮಾರನೇ ದಿನ ನಮ್ಮಣ್ಣ ಗಾಡಿ ಕಳಿಸ್ತಾನೆ."

ನಾಯಿ ಡಾಕ್ಟರು ರೆಕಾರ್ಡು ಪೂರ್ತಿ ನಿಲ್ಲಿಸಿ ಎಂದರು. ಇಷ್ಟು ಹೆದರಿದ ನಾಯಿಗೆ ಈ ವರ್ಷ ಇನ್ನು ಏನೂ ಕಲಿಸಲಾಗುವುದಿಲ್ಲ, ಅದಕ್ಕೆ ಇಷ್ಟವಾದ ಒಳಗಿನ ಜಾಗದಲ್ಲಿ ಕೂರಿಸಿ, ಹಾಸಿಗೆ ಹಾಸಿ, ನೀವೂ ಸುಮ್ಮನೆ ಜೊತೆಗಿರಿ ಎಂದರು. ಗಿರಣಿಯಕ್ಕ ದಿನಾ ಬಚ್ಚಲ ಹೊಸ್ತಿಲಲ್ಲಿ ಕೂತು ತರಕಾರಿ ಹೆಚ್ಚಿದಳು, ಅಕ್ಕಿ ಆರಿಸಿದಳು, ನಾಯಿಯನ್ನು ಕರೆಯಲಿಲ್ಲ. ಕೆಲವು ದಿನಗಳ ಮೇಲೆ ಬೂದಿ ಬಂದು ಅವಳ ಪಾದದ ಮೇಲೆ ಗದ್ದವಿಟ್ಟಿತು. ಚಾಕು ಕೆಳಗಿಟ್ಟು ಅವಳು ಬಹಳ ಹೊತ್ತು ಅಲುಗಾಡದೆ ಕೂತಳು.

ಮನೆಯಲ್ಲಿ ಇನ್ನೊಂದು ಬದಲಾವಣೆಯಾಗಿತ್ತು. ಮೊದಲೆಲ್ಲ ಅವಳ ಮುಂದೆ ಎಂದಿನಂತೆ ಮಾತಾಡುತ್ತಿದ್ದವರು ಈಗ ಬೇಕಾದ್ದನ್ನು ಮಾತ್ರ ಜೋರಾಗಿ ಕೂಗಿ ಹೇಳುತ್ತಿದ್ದರು. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ದೀಪ ನೋಡ್ಕೋ. ಮಿಕ್ಕ ಮಾತೆಲ್ಲ ಅವರವರಲ್ಲೇ ನಡೆಯುತ್ತಿತ್ತು. ಒಂದು ಸಂಜೆ ಪುಟ್ಟಿ ಕಾಲೇಜಿನ ಯಾವುದೋ ಕಥೆ ಹೇಳಿದ್ದಕ್ಕೆ ಅವಳಪ್ಪ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡ.

"ಏನಂತೆ?" ಎಂದಳು ಗಿರಣಿಯಕ್ಕ, ತಾನೂ ನಗಲು ತಯಾರಾಗಿ.

"ಏನಿಲ್ಲ ಬಿಡು ಅತ್ತೆ, ಉದ್ದದ ಕಥೆ," ಎಂದಳು ಪುಟ್ಟಿ, ಪ್ರೀತಿಯಿಂದಲೇ.

ಗಿರಣಿಯಕ್ಕ ಕೂತಳು. ಬಡಿಸುವ ನೆಪದಲ್ಲಿ ಮತ್ತೆ ಏಳಲಿಲ್ಲ.

ಆ ದಿನ ಬಂತು. ಮೈದಾನದ ಧ್ವನಿವರ್ಧಕಗಳ ಕೆಲಸ ತಮ್ಮನದೇ, ಅವನು ಮಧ್ಯಾಹ್ನವೇ ಹೋಗಿದ್ದ. ಸಂಜೆಗೆ ಅವನ ಹೆಂಡತಿಯೂ ಪುಟ್ಟಿಯೂ ಹೊರಟರು. "ನಾನು ಇರ್ತೀನಿ ಅತ್ತೆ, ನಿನ್ನ ಜೊತೆ," ಎಂದಳು ಪುಟ್ಟಿ. ಆದರೆ ಕಣ್ಣಿಗೆ ಆಗಲೇ ಕಾಡಿಗೆ ಹಚ್ಚಿಕೊಂಡಿದ್ದಳು.

"ಹೋಗು ಹೋಗು, ನಿನ್ನ ಗೆಳತಿಯರು ಕಾಯ್ತಾ ಇರ್ತಾರೆ."

ಪುಟ್ಟಿ ಹೋದಳು. ಇನ್ನೊಂದು ಸಲ ಕೇಳಿದ್ದರೆ ಇರು ಎನ್ನುತ್ತಿದ್ದೆನೇನೋ ಎಂದು ಗಿರಣಿಯಕ್ಕನಿಗೆ ಅನ್ನಿಸಿತು.

"ಒಳಗಿಂದ ಚಿಲಕ ಹಾಕ್ಕೊಳ್ಳಿ ಅಕ್ಕ," ಎಂದು ತಮ್ಮನ ಹೆಂಡತಿ ಕೈಸನ್ನೆ ಸಮೇತ ಹೇಳಿದಳು. "ನಾವು ಬಂದಾಗ ದೀಪ ಹತ್ತುತ್ತೆ. ಆಗ ತೆಗೀರಿ."

ಗಿರಣಿಯಕ್ಕ ಚಿಲಕ ಹಾಕಿ, ಬಚ್ಚಲ ನೆಲ ಒರೆಸಿ ಒಣಗಿಸಿ, ತನ್ನ ಹಾಸಿಗೆಯನ್ನೇ ಎಳೆದು ತಂದು ಹಾಸಿದಳು. ಬಾಗಿಲ ಸಂದಿಗೆ ಹಳೆಯ ಕಂಬಳಿ ತುರುಕಿದಳು. ಬೂದಿಯನ್ನು ತೊಡೆಗೆ ಒರಗಿಸಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಕೂತಳು.

ಶುರುವಾದದ್ದು ಅವಳಿಗೆ ತಿಳಿದದ್ದು ನಾಯಿಯ ಪಕ್ಕೆಲುಬಿನಿಂದ. ಒಮ್ಮೆಲೇ ಅದರ ಮೈ ಕಲ್ಲಾಯಿತು. ಆಮೇಲೆ ನಡುಕ. ಪ್ರತಿ ಸ್ಫೋಟಕ್ಕೂ ಒಂದೊಂದು ಸಲ ಅದರ ಚರ್ಮ ಅವಳ ಅಂಗೈಯ ಕೆಳಗೆ ಜಗ್ಗುತ್ತಿತ್ತು. ಊರೆಲ್ಲ ಆಕಾಶ ನೋಡುತ್ತಿದ್ದ ಹೊತ್ತಿನಲ್ಲಿ ಅವಳು ಆ ಬಾಣಬಿರುಸನ್ನು ಕೈಯಿಂದ ಕೇಳಿಸಿಕೊಂಡಳು. ಬೂದಿ ಕತ್ತೆತ್ತಿ ಅವಳ ಮುಖ ಹುಡುಕಿತು. ಆ ಮುಖದಲ್ಲಿ ಹೆದರಿಕೆ ಇರಲಿಲ್ಲ. ನಟನೆಯೂ ಅಲ್ಲ ಅದು. ಅವಳ ಪಾಲಿಗೆ ಬಚ್ಚಲು ಎಂದಿನ ಬಚ್ಚಲೇ ಆಗಿತ್ತು, ನಲ್ಲಿಯ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು, ಅಷ್ಟೇ. ಬೂದಿ ಆ ಮುಖವನ್ನು ನೋಡಿತು, ಮತ್ತೆ ನೋಡಿತು, ಕಣ್ಣು ಕೀಳಲೇ ಇಲ್ಲ.

ಗಿರಣಿಯಕ್ಕ ಅದರ ಜೊತೆ ಮಗ್ಗದ ಭಾಷೆಯಲ್ಲಿ ಮಾತಾಡಿದಳು. ದನಿಯಿಲ್ಲದೆ, ಬರೀ ತುಟಿಯಲ್ಲಿ. ಗೆಳತಿಯ ಕಥೆ ಹೇಳಿದಳು. ಗೋದಾಮಿನ ಕಥೆ ಹೇಳಿದಳು. "ನಾನು ಒಬ್ಬಳೇ ಆಗಿಬಿಟ್ಟೆ ಕಣೇ," ಎಂದಳು. "ಮನೆ ತುಂಬ ಜನ ಇದ್ದಾರೆ. ಒಬ್ಬರೂ ನನ್ನ ಹತ್ರ ಮಾತಾಡಲ್ಲ." ಯಾರಿಗೂ ಹೇಳದ ಮಾತು ಅದು. ಹೇಳಿದ ಮೇಲೂ ಯಾರಿಗೂ ಕೇಳಿಸಲಿಲ್ಲ.

ಬಹಳ ಹೊತ್ತಿನ ಮೇಲೆ ನಡುಕ ದೂರ ದೂರವಾಗಿ, ಸಣ್ಣಗಾಗಿ, ನಿಂತಿತು. ಬೂದಿ ಒಂದು ತುಂಡು ಮೊಟ್ಟೆ ತಿಂದಿತು. ಇನ್ನೊಂದನ್ನೂ ತಿಂದು ಅವಳ ಮಡಿಲಲ್ಲೇ ತೂಕಡಿಸಿತು. ಗಿರಣಿಯಕ್ಕನಿಗೂ ಕಣ್ಣು ಹತ್ತಿರಬೇಕು. ಮಡಿಲಲ್ಲಿ ತಲೆ ಅಲುಗಾಡಿದಾಗ ಎಚ್ಚರವಾಯಿತು. ಬೂದಿಯ ಕಿವಿ ನೆಟ್ಟಗಾಗಿತ್ತು. ಅದು ಎದ್ದು ಬಾಗಿಲ ಕಡೆ ನೋಡಿ, ಆಮೇಲೆ ಅವಳ ಕಡೆ ನೋಡಿತು. ಎಷ್ಟು ವಾರವಾಗಿತ್ತು ಆ ನೋಟ ಕಂಡು. ಗಿರಣಿಯಕ್ಕ ಕಂಬಳಿ ಸರಿಸಿ ಎದ್ದಳು.

ಮುಂಬಾಗಿಲು ತೆಗೆದಾಗ ಮೂವರೂ ನಿಂತಿದ್ದರು. ತಮ್ಮನ ಹೆಂಡತಿಯ ಬೆರಳು ಇನ್ನೂ ಗಂಟೆಯ ಮೇಲೇ ಇತ್ತು. ಅವಳು ಗಿರಣಿಯಕ್ಕನನ್ನು, ಕಾಲಿಗಂಟಿ ನಿಂತ ನಾಯಿಯನ್ನು, ತೆರೆದ ಬಚ್ಚಲೊಳಗಿನ ಹಾಸಿಗೆಯನ್ನು ನೋಡಿದಳು. "ಅಲ್ಲಿ ದೀಪ ಇಲ್ಲವಲ್ಲ ಅಕ್ಕ," ಎಂದಳು, ಮುಖಕ್ಕೆ ಮುಖ ಕೊಟ್ಟು. "ಮೊದಲನೇ ಬೆಲ್ಲಿಗೇ ಹೇಗೆ ಗೊತ್ತಾಯ್ತು?"

"ಇವಳು ಹೇಳಿದ್ಲು."

ತಮ್ಮನ ಹೆಂಡತಿ ಒಳಗೆ ಬಂದು ಬಾಗಿಲ ಹಿಂಭಾಗವನ್ನು ಕೈಯಿಂದ ಸವರಿ ನೋಡಿದಳು. ಒಂದು ಗೀರೂ ಇರಲಿಲ್ಲ. ಪರದೆಗಳು ಇದ್ದಲ್ಲೇ ಇದ್ದವು. ಅವಳು ಬೆನ್ನು ತಿರುಗಿಸಿ, ಬಗ್ಗಿ ಚಪ್ಪಲಿ ಬಿಡುತ್ತಾ, ತನ್ನ ಎಂದಿನ ಮೆಲುದನಿಯಲ್ಲಿ ಗಂಡನಿಗೆ ಹೇಳಿದಳು. "ನಮ್ಮಣ್ಣನಿಗೆ ಈಗಲೇ ಫೋನ್ ಮಾಡಿ, ಗಾಡಿ ಕಳಿಸೋದು ಬೇಡ ಅಂತ ಹೇಳಿಬಿಡಿ. ನಾಯಿ ಇಲ್ಲೇ ಇರಲಿ. ಅವರಿಬ್ಬರೂ ಒಬ್ಬರಿಗೊಬ್ಬರು ಇರಲಿ."

ತಮ್ಮ ತಲೆಯಾಡಿಸಿ, ಫೋನ್ ತೆಗೆದು ಕಿಟಕಿಯ ಹತ್ತಿರ ಹೋಗಿ ಹೊರಗೆ ಮುಖ ಮಾಡಿ ಮಾತಾಡಿದ. ಪುಟ್ಟಿ ಆಗಲೇ ಮುಖ ತೊಳೆಯಲು ಹೋಗಿದ್ದಳು.

ಗಿರಣಿಯಕ್ಕ ಕಂಡದ್ದು ಬಗ್ಗಿದ ಬೆನ್ನು, ಆಡಿದ ತಲೆ, ಕಿವಿಗೆ ಹೋದ ಫೋನು. ತಮ್ಮ ಮಾತು ಮುಗಿಸಿ ತಿರುಗುವವರೆಗೆ ನಿಂತಿದ್ದಳು.

"ಅವಳು ಏನಂದ್ಲು? ಯಾರಿಗೆ ಫೋನು?"

ಮಧ್ಯಾಹ್ನದಿಂದ ಪೆಟ್ಟಿಗೆ ಹೊತ್ತು ತಮ್ಮನ ಭುಜ ಬಿದ್ದುಹೋಗಿತ್ತು. "ಗೋದಾಮಿನ ಭಾವನಿಗೆ," ಎಂದ. ಆಮೇಲೆ ಅವಳ ಭುಜ ತಟ್ಟಿ, "ಏನಿಲ್ಲ ಬಿಡಕ್ಕ, ಬೆಳಿಗ್ಗೆ ಹೇಳ್ತೀನಿ. ಮೊದಲು ಊಟ ಹಾಕು, ಜೀವ ಹೋಗ್ತಿದೆ," ಎಂದ.

ಅವಳು ಮೂವರಿಗೂ ಬಡಿಸಿದಳು. ಯಾರ ಬಾಯಿಯನ್ನೂ ನೋಡಲಿಲ್ಲ. ಅವರು ಉಂಡು ಎದ್ದ ಮೇಲೆ ಬೂದಿಯ ತಟ್ಟೆಯನ್ನು ಉಜ್ಜಿ ತೊಳೆದು, ಬಟ್ಟೆಯಿಂದ ಒರೆಸಿದಳು. ಬಾಗಿಲಿಗೆ ಗೀರಿಲ್ಲದಿದ್ದರೂ ಗೋದಾಮಿಗೆ ಫೋನು ಹೋಗಿಯೇಬಿಟ್ಟಿತಲ್ಲ, ಗಾಡಿಯವನು ಬೆಳಿಗ್ಗೆ ಯಾವ ಹೊತ್ತಿಗೆ ಬರುತ್ತಾನೋ, ಆಗ ಹುಡುಕಾಟ ಆಗಬಾರದು. ತಟ್ಟೆ, ಅದರ ಹಳೆಯ ಕಂಬಳಿ, ಉಳಿದ ಮೊಟ್ಟೆಯನ್ನು ಒಂದು ಕೈಚೀಲಕ್ಕೆ ತುಂಬಿ ಬಾಯಿ ಕಟ್ಟಿದಳು. ಅದನ್ನು ತಂದು ಬಚ್ಚಲಲ್ಲಿ ಹಾಸಿಗೆಯ ಪಕ್ಕ ಇಟ್ಟುಕೊಂಡು ಬೂದಿಯನ್ನು ಅಪ್ಪಿ ಮಲಗಿದಳು. ಬೂದಿ ಕಂಬಳಿಯ ವಾಸನೆ ಹಿಡಿದು ಹೋಗಿ, ಆ ಚೀಲದ ಮೇಲೆ ತಲೆಯಿಟ್ಟು ಹಾಯಾಗಿ ನಿದ್ದೆ ಮಾಡಿತು.